'ಅ'ದಲ್ಲೇ ಬೇಸರ ಬಂತಾ ಪುಟ್ಟಿ?

ಪುಟ್ಟಿಗೆ ಪುಣೆಯಿಂದ ದೊಡ್ಡಪ್ಪ ಮಾಡುವ ಆಶೀರ್ವಾದ.

ಆರು ತಿಂಗಳಾದರೂ ನಿಘಂಟಿನ ಕೆಲಸ ಇನ್ನೂ 'ಅ'ದಲ್ಲೇ ಇದೆ, ಬಿಟ್ಟುಬಿಡ್ತೇನೆ ಅಂತ ಮೊನ್ನೆ ನೀನು ಫೋನಿನಲ್ಲಿ ಹೇಳಿದಾಗ ನಕ್ಕುಬಿಟ್ಟೆ. ನಿನಗೆ ಸಿಟ್ಟು ಬಂತು ಅಲ್ವಾ? ನಕ್ಕಿದ್ದು ನಿನ್ನನ್ನಲ್ಲ ಮಾರಾಯ್ತಿ. ಇಲ್ಲೇ ಯರವಡಾದ ಡೆಕ್ಕನ್ ಕಾಲೇಜಿನಲ್ಲಿ ಸಂಸ್ಕೃತದ ದೊಡ್ಡ ನಿಘಂಟು ಶುರುವಾಗಿದ್ದು 1948ರಲ್ಲಿ, ಶುರು ಮಾಡಿದ ಎಸ್. ಎಂ. ಕತ್ರೆಯವರು ನಮ್ಮ ಹೊನ್ನಾವರದ ಕಡೆಯವರೇ. ಸುಮಾರು 1,500 ಗ್ರಂಥ ಓದಿ ಪದ ಎಲ್ಲೆಲ್ಲಿ ಬಂದಿದೆ ಅಂತ ಒಂದು ಕೋಟಿಯಷ್ಟು ಚೀಟಿ ಬರೆದರು, ಮೊದಲ ಭಾಗ ಅಚ್ಚಾಗುವಾಗ 1976 ಆಗಿತ್ತು. ಸಂಪುಟಗಳು 30 ದಾಟಿದವು. ಅವರೂ 'ಅ'ದಲ್ಲೇ ಇದ್ದರು!

ಸಂಬಳ ಸಾಲದಿದ್ದರೆ ಬಿಡು, ಬೈಯುವುದಿಲ್ಲ. ಬಾಡಿಗೆ ಕಟ್ಟಬೇಕಲ್ಲ. ಆದರೆ ಪುಟ ಮುಂದೆ ಹೋಗುತ್ತಿಲ್ಲ ಅಂತ ಬಿಡಬೇಡ.

ಜರ್ಮನಿಯ ಪಾದ್ರಿ ಕಿಟೆಲ್ 1853ರಲ್ಲಿ ನಮ್ಮ ನಾಡಿಗೆ ಬಂದಾಗ 21ರ ಹುಡುಗ. ಅವರ ಸುಮಾರು 70,000 ಪದಗಳ ಕನ್ನಡ-ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಅಚ್ಚಾಗಿದ್ದು 1894ರಲ್ಲಿ. ನನಗೆ ಲೆಕ್ಕಕ್ಕಿಂತ ಜಾಸ್ತಿ ಇಷ್ಟ ಅದರೊಳಗೆ ಸೇರಿಸಿದ ಗಾದೆಗಳು. ಜನ ಆಡಿದ ಮಾತಿನ ಒಳಗೇ ಪದ ಕೂತಿರುತ್ತದೆ.

ನಾನು ತಪ್ಪಿದ್ದು ಅಲ್ಲೇ. ಕಾಲೇಜಿನ ದಿನಗಳಲ್ಲಿ ಅಜ್ಜಿಯ ಮಾತು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ, ಬರೀ ಪದ, ಸಾಲಾಗಿ, ಸಂತೆ ಚೀಟಿ ಬರೆದ ಹಾಗೆ. ಈಗ ತೆಗೆದು ನೋಡಿದರೆ ಒಂದು ಕಡೆ 'ಹದ' ಅಂತ ಇದೆ, ಪಕ್ಕದಲ್ಲಿ ಪ್ರಶ್ನೆ ಗುರುತು ಬೇರೆ. ಪಾಕದ ಹದವೋ, ಮಣ್ಣಿನ ಹದವೋ, ಅಡಿಕೆ ಬೇಯಿಸುವ ಹದವೋ? ಕೇಳೋಣ ಅಂದರೆ ಅಜ್ಜಿ ಇಲ್ಲ. ಅದಕ್ಕೇ ಹೇಳುತ್ತೇನೆ, ಚೀಟಿಯಲ್ಲಿ ಪೂರ್ತಿ ವಾಕ್ಯ ಬರಿ, ಯಾರು, ಯಾವ ಊರಲ್ಲಿ, ಏನು ಮಾಡುತ್ತಾ ಹೇಳಿದರು ಅಂತಲೂ ಬರಿ, ಅವತ್ತೇ ಬರಿ.

ಸುಮ್ನೆ ಆಫೀಸಿನಲ್ಲೇ ಕೂರಬೇಡ. ಮೊದಲ ಸಲ ಇಲ್ಲಿನ ತುಳಸೀಬಾಗ್ ಪೇಟೆಗೆ ಹೋದಾಗ ಅಂಗಡಿಯವನು 'ಅಡಕಿತ್ತಾ' ಅಂದ, ನೋಡಿದರೆ ನಮ್ಮ ಅಡಕತ್ತರಿ! ಕನ್ನಡದಿಂದ ಮರಾಠಿಗೆ ಹೋದ ಪದ ಅಂತ ಆಮೇಲೆ ಓದಿದೆ. ನನಗಂತೂ ಊರಿನ ನೆಂಟರು ಸಿಕ್ಕಷ್ಟು ಖುಷಿಯಾಯಿತು.

ಆ ನೋಟ್‌ಬುಕ್ ನಿನಗೆ ಕೊರಿಯರ್ ಮಾಡಿದ್ದೇನೆ. ಹಬ್ಬಕ್ಕೆ ಶಿರಸಿಗೆ ಹೋದಾಗ ಅತ್ತೆಯ ಹತ್ತಿರ ಕೂತು ಕೇಳು, ಅಜ್ಜಿ 'ಹದ' ಅಂತ ಯಾವುದಕ್ಕೆಲ್ಲ ಹೇಳುತ್ತಿದ್ದಳು ಅಂತ. ಅತ್ತೆಗೂ ಎಪ್ಪತ್ತೆಂಟಾಯಿತು.

ನಿನ್ನ,
ದೊಡ್ಡಪ್ಪ