ಪೇಷೆಂಟ್ ಇಲ್ಲದ ಡಾಕ್ಟರು

ಪುಟ್ಟಿ,

ನಿನ್ನೆ ಫೋನಿನಲ್ಲಿ "ಇನ್ನೊಂದು ವರ್ಷ ಕೂತು ಓದ್ತೀನಪ್ಪಾ" ಅಂದಾಗ ನಾನು ಬರೀ ಹ್ಞೂಂ ಅಂದೆ. ಫೋನಿನಲ್ಲಿ ನನಗೆ ಮಾತು ಬರೋಲ್ಲ, ಅದಕ್ಕೇ ಈ ಕಾಗದ.

ಎಂಬಿಬಿಎಸ್ ಮುಗಿಸಿ, ಪಿಜಿ ಸೀಟಿಗೆ ನೀಟ್ ಪಿಜಿ ಪರೀಕ್ಷೆ ಎರಡು ಸಲ ಬರೆದೆ. ಬಂದಿರೋ ರ‍್ಯಾಂಕಿಗೆ ರೇಡಿಯಾಲಜಿ ಸಿಗೋಲ್ಲ. ಲ್ಯಾಬಿನಲ್ಲಿ ರೋಗಾಣು ಹುಡುಕೋ ಮೈಕ್ರೋಬಯಾಲಜಿ, ಊರಿಗೆ ಊರಿನ ಆರೋಗ್ಯ ನೋಡೋ ಕಮ್ಯುನಿಟಿ ಮೆಡಿಸಿನ್ ಸಿಗುತ್ತವೆ. "ಪೇಷೆಂಟೇ ಇಲ್ಲದ ಡಾಕ್ಟರಾಗಿ ಏನ್ ಮಾಡ್ಲಿ" ಅಂದೆಯಲ್ಲ, ಆ ಮಾತು ಸ್ವಲ್ಪ ನಾಟಿತು ಕಣಮ್ಮ. ತಾಲ್ಲೂಕು ಆಸ್ಪತ್ರೆಯ ಲ್ಯಾಬಿನಲ್ಲೇ ತಲೆ ನೆರೆಸಿಕೊಂಡವನು ನಾನು.

ಒಬ್ಬ ಹೆಂಗಸು ಮೂರು ತಿಂಗಳು ಕೆಮ್ಮಿನ ಸಿರಪ್ ಕುಡಿದೂ ಕುಡಿದೂ ಕೊನೆಗೆ ನಮ್ಮ ಕಿಟಕಿಗೆ ಕಫದ ಡಬ್ಬಿ ತಂದಿದ್ದಳು. ಸ್ಲೈಡಿಗೆ ಕಾರ್ಬಾಲ್ ಫುಕ್ಸಿನ್ ಅನ್ನೋ ಕೆಂಪು ಬಣ್ಣ ಹಾಕಿ, ಕೆಳಗೆ ದೀಪ ಹಿಡಿದು ಹಬೆ ಏಳಿಸಬೇಕು. ಕುದಿಯಬಾರದು. ಆಮೇಲೆ ಆಸಿಡ್, ಮಿಥಿಲೀನ್ ಬ್ಲೂ. ಮೈಕ್ರೋಸ್ಕೋಪಿನಲ್ಲಿ ನೂರು ಫೀಲ್ಡ್, ಅಂದರೆ ನೂರು ಜಾಗ, ನೋಡದೆ ನೆಗೆಟಿವ್ ಬರೆಯೋ ಹಾಗಿಲ್ಲ. ನಲವತ್ತು ಫೀಲ್ಡ್ ದಾಟಿದ ಮೇಲೆ, ನೀಲಿ ನಡುವೆ ಎರಡು ಕೆಂಪು ಕಡ್ಡಿ, ಕ್ಷಯದ ರೋಗಾಣು. ಅವಳಿಗೆ ಸರಿಯಾದ ಮಾತ್ರೆ ಶುರುವಾಗಿದ್ದು ಅವತ್ತು.

ಸಿರಪ್ ಕಥೆ ಹಳೇದು. 1959ರಲ್ಲಿ ಬೆಂಗಳೂರಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾದ ಹೊಸದರಲ್ಲಿ ಅಲ್ಲಿಯವರು ನಮ್ಮ ತುಮಕೂರು ಜಿಲ್ಲೆಯ ಹಳ್ಳಿಗಳಿಗೇ ಬಂದು ಕ್ಷಯ ಇದ್ದವರನ್ನು ಮಾತಾಡಿಸಿದರು. ಹಳ್ಳಿಯವರಿಗೆ ಕಾಯಿಲೆಯ ಅರಿವಿಲ್ಲ ಅನ್ನೋದು ಆಗಿನ ಮಾತು. ನೋಡಿದರೆ ಸುಮಾರು ಅರ್ಧ ಜನ ಆಗಲೇ ಆಸ್ಪತ್ರೆಗೆ ಹೋಗಿ, ಕೆಮ್ಮಿನ ಔಷಧಿ ಹಿಡಿದು ವಾಪಸಾಗಿದ್ದರು! ಅಂದರೆ ತಾವಾಗೇ ಬಂದವರ ಕಫ ನೋಡಿದರೂ ಎಷ್ಟೋ ಕೇಸು ಸಿಗುತ್ತವೆ. 1962ರ ರಾಷ್ಟ್ರೀಯ ಕ್ಷಯ ಕಾರ್ಯಕ್ರಮ ನಡೆದಿದ್ದು ಈ ದಾರಿಯಲ್ಲೇ. ಆ ಅಧ್ಯಯನ ಮಾಡಿದ ದೇಬಬರ್ ಬ್ಯಾನರ್ಜಿ ವೈದ್ಯಕೀಯ ಓದಿದವರೇ. ಸ್ಟೆತಸ್ಕೋಪ್ ಪಕ್ಕಕ್ಕಿಟ್ಟು ಜಗಲಿ ಮೇಲೆ ಕೂತು ಕೇಳೋದೂ ಡಾಕ್ಟರ ಕೆಲಸವೇ ಆಯ್ತಲ್ಲ.

ದುಡ್ಡಿನ ವಿಷಯ ಮುಚ್ಚಿಡೋಲ್ಲ. ರೇಡಿಯಾಲಜಿಯವರಷ್ಟು ನಿನಗೆ ಬರೋಲ್ಲ. ಮನೆ ಸಾಲ ನನ್ನ ಪೆನ್ಷನ್ನಲ್ಲೇ ತೀರುತ್ತೆ, ಅದನ್ನ ತಲೆಗೆ ಹಚ್ಚಿಕೋಬೇಡ. ಪಿಜಿನೇ ಬೇಡ ಅನ್ನಿಸಿದರೆ ಯುಪಿಎಸ್‌ಸಿಯ ಮೆಡಿಕಲ್ ಸರ್ವೀಸಸ್ ಪರೀಕ್ಷೆ ಇದೆ, ಎಂಬಿಬಿಎಸ್ ಸಾಕು, ರೈಲ್ವೆ ಆಸ್ಪತ್ರೆಗಳಿಗೂ ಅದರಿಂದಲೇ ತಗೋತಾರೆ. ಫ್ಯಾಮಿಲಿ ಮೆಡಿಸಿನ್ ಡಿಎನ್‌ಬಿ ಅನ್ನೋ ಪಿಜಿ ಕೋರ್ಸೂ ಚೆನ್ನಾಗಿದೆ, ಆದರೆ ಓಪಿಡಿ ಗದ್ದಲದಲ್ಲಿ ನಿನಗೆ ತಲೆನೋವು ಬರೋದು ನನಗೆ ಗೊತ್ತಿಲ್ವೇ? ನಿನಗೆ ಒಂದೇ ವಿಷಯ ಹಿಡಿದು ಕೆದಕೋ ಚಟ, ಚಿಕ್ಕವಳಿದ್ದಾಗ ನನ್ನ ರೇಡಿಯೋ ಬಿಚ್ಚಿಟ್ಟವಳು. (ಅದು ಇನ್ನೂ ಹಾಗೇ ಇದೆ.)

ಆಮೇಲೂ ರೇಡಿಯಾಲಜಿನೇ ಬೇಕು ಅನ್ನಿಸಿದರೆ ಕೂತು ಓದು, ನಾನು ತಕರಾರು ಮಾಡೋಲ್ಲ. ರ‍್ಯಾಂಕ್ ಕೇಳೋ ನೆಂಟರಿಗೆ ಹೆದರಿ ಮಾತ್ರ ಓದಬೇಡ.

ಭಾನುವಾರ ಬಾ. ಕೌನ್ಸೆಲಿಂಗ್ ಆಪ್ಷನ್ ಹಾಕುವಾಗ ಪಕ್ಕದಲ್ಲಿ ಕೂತಿರ್ತೀನಿ, ಬಾಯಿ ಬಿಡೋಲ್ಲ. ಅಮ್ಮ ಹುರಿಹಿಟ್ಟು ಮಾಡಿಟ್ಟಿದ್ದಾಳೆ, ಹುಳ ಬೀಳೋ ಮುಂಚೆ ತಗೊಂಡು ಹೋಗು.

ನಿನ್ನ
ಅಪ್ಪ