ಮೂವತ್ತು ದಿನಗಳ ಬರವಣಿಗೆಗೆ ಜೊತೆಯಾದವರಿಗೆ

ದಿನಕ್ಕೊಂದು ಕಿರುಗತೆಯಂತೆ 30 ದಿನ ಬರೆಯುವ ಸವಾಲು ನಿನ್ನೆ ರಾತ್ರಿ ಮುಗಿಯಿತು. ಕೊನೆಯ ಕಥೆಯನ್ನು ಕಳುಹಿಸಿದೊಡನೆ ನೆನಪಾದದ್ದು ನೀವೆಲ್ಲ. ಆದ್ದರಿಂದ ತಡಮಾಡದೆ ಇದನ್ನು ಬರೆಯುತ್ತಿದ್ದೇನೆ.

ತಂದೆಯವರು ತೀರಿಕೊಂಡು ಎರಡು ವರ್ಷವಾಯಿತು. ಹದಿನೇಳು ರಾತ್ರಿ ಅವರ ಹಾಸಿಗೆಯ ಪಕ್ಕದಲ್ಲೇ ಇದ್ದ ನಾನು, ಅವರ ಉಸಿರು ನಿಂತ ಗಳಿಗೆಯಲ್ಲಿ ಮಾತ್ರ ಮುಖ ತೊಳೆಯಲೆಂದು ಹೊರಗೆ ಹೋಗಿದ್ದೆ. ಇದನ್ನು ಬರೆಯಲು ಎಷ್ಟು ಸಲ ಕುಳಿತರೂ ‘ನಾನು’ ಎಂದು ಆರಂಭವಾದ ವಾಕ್ಯ ನನ್ನ ಮೇಲಿನ ದೂರಾಗಿಯೇ ಮುಗಿಯುತ್ತಿತ್ತು.

ಒಂಬತ್ತನೆಯ ದಿನ ಕೊಟ್ಟ ವಸ್ತು ‘ತೆರೆದಿದ್ದ ಬಾಗಿಲು’. 400 ಪದ ಮೀರಬಾರದು, ಉತ್ತಮ ಪುರುಷದಲ್ಲಿ, ಅಂದರೆ ‘ನಾನು’ ಎಂದು, ಬರೆಯಬಾರದು ಎಂಬ ನಿಯಮವೂ ಇತ್ತು. ಬೇರೆ ದಾರಿ ಕಾಣದೆ, ರಾತ್ರಿ ಪಾಳಿಯ ದಾದಿಯೊಬ್ಬಳು ಕಂಡಂತೆ ಆ ಗಳಿಗೆಯನ್ನು ಬರೆದೆ. ಒದ್ದೆ ಮುಖದಲ್ಲಿ ಬಾಗಿಲ ಬಳಿ ಬಂದು ನಿಂತ ಮಗ ಅವಳಿಗೆ ತಪ್ಪಿತಸ್ಥನಾಗಿ ಕಾಣಲಿಲ್ಲ, ಹಲವು ರಾತ್ರಿ ನಿದ್ದೆಗೆಟ್ಟವನಾಗಿ ಕಂಡ. ಬರೆದವನು ನಾನೇ ಆದರೂ, ಅವಳ ಜಾಗದಲ್ಲಿ ನಿಲ್ಲದೆ ಆ ಮಾತು ನನಗೆ ಹೊಳೆಯುತ್ತಿರಲಿಲ್ಲ. ಆ ನಿಯಮವನ್ನಿಟ್ಟ ನಿರ್ವಾಹಕರಿಗೆ ನಾನು ಋಣಿ.

ಕಲ್ಪಿಸಿ ಬರೆಯುವುದೆಂದರೆ ನಿಜದಿಂದ ನುಣುಚಿಕೊಳ್ಳುವುದಲ್ಲವೇ ಎಂಬ ನನ್ನ ಅಳುಕನ್ನೂ ಅವರು ತಾಳ್ಮೆಯಿಂದ ಕೇಳಿಸಿಕೊಂಡರು. ಸತತ 4 ದಿನ, ದಿನಕ್ಕೆ 15 ನಿಮಿಷ ತಮ್ಮ ನೋವಿನ ಘಟನೆಯನ್ನು ಬರೆದ ವಿದ್ಯಾರ್ಥಿಗಳ ಕುರಿತು ಮನೋವಿಜ್ಞಾನದ ಸಂಶೋಧಕರಾದ ಜೇಮ್ಸ್ ಪೆನ್ನೆಬೇಕರ್ ಮತ್ತು ಸ್ಯಾಂಡ್ರಾ ಬೀಲ್ 1986ರಲ್ಲಿ ಪ್ರಕಟಿಸಿದ ಅಧ್ಯಯನ ಪ್ರಸಿದ್ಧವಾದದ್ದು; ಹಾಗೆ ಮನಬಿಚ್ಚಿ ಬರೆದವರು ಮುಂದೆ ವೈದ್ಯರ ಬಳಿ ಹೋದದ್ದು ಕಡಿಮೆ. 1996ರ ಇನ್ನೊಂದು ಅಧ್ಯಯನದಲ್ಲಿ, ತಮಗೆ ಸಂಭವಿಸದ, ಕಲ್ಪಿತ ಆಘಾತವನ್ನು ಬರೆದವರು ಕೂಡ ಮುಂದಿನ ದಿನಗಳಲ್ಲಿ ಅನಾರೋಗ್ಯಕ್ಕಾಗಿ ವೈದ್ಯರ ಬಳಿ ಹೋದದ್ದು ಕಡಿಮೆ ಎಂದು ಕಂಡುಬಂದಿತ್ತು. ಇದನ್ನು ನಿರ್ವಾಹಕರಿಂದ ತಿಳಿದ ಮೇಲೆ ನನ್ನ ಕೈ ಹಗುರವಾಯಿತು.

ಕಥೆಯ ಕೊನೆಯ ನಾಲ್ಕು ಸಾಲುಗಳಲ್ಲಿ ನಾನು ಮಗನ ದುಃಖವನ್ನು ವಿವರಿಸಿದ್ದೆ. ‘ದಾದಿಗೆ ಇದೆಲ್ಲ ಹೇಗೆ ಗೊತ್ತು?’ ಎಂದು ಕೇಳಿದ ಸಹಬರಹಗಾರರಿಗೆ ವಂದನೆಗಳು. ಆ ಸಾಲುಗಳನ್ನು ಅಂದೇ ತೆಗೆದುಹಾಕಿದೆ.

ಅಕ್ಕನ ಋಣ ಎಲ್ಲಕ್ಕಿಂತ ದೊಡ್ಡದು. ತಂದೆ ನನ್ನೊಬ್ಬನವರಲ್ಲವಾದ್ದರಿಂದ ಕರಡನ್ನು ಮೊದಲು ಅವಳಿಗೆ ಕೊಟ್ಟಿದ್ದೆ. ಅಪ್ಪ ಹೊದಿಕೆಯ ಅಂಚನ್ನು ಮಡಿಸಿ ಮಡಿಸಿ ಬಿಡುತ್ತಿದ್ದ ವಿವರದ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದು, ‘ಇದೊಂದು ನಮ್ಮಲ್ಲೇ ಇರಲಿ ಕಣೋ’ ಎಂದಳು. ಅದನ್ನು ಬಿಟ್ಟ ಜಾಗದಲ್ಲಿ, ಕಿಟಕಿಯಾಚೆಯ ದೀಪಗಳನ್ನು ಎಣಿಸುತ್ತಾ ಮಲಗುವ ಮುದುಕನೊಬ್ಬನನ್ನು ಕಲ್ಪಿಸಿದೆ. ನಿಮ್ಮಲ್ಲಿ ಹಲವರು ನೆನಪಿಟ್ಟು ಮಾತನಾಡಿದ್ದು ಆ ದೀಪಗಳ ಬಗ್ಗೆಯೇ. ಅಕ್ಕನ ಗೆರೆಯಿರುವ ಪ್ರತಿ ನನ್ನ ಬಳಿಯಲ್ಲಿದೆ. ಅದನ್ನು ಯಾರಿಗೂ ಕಳುಹಿಸುವುದಿಲ್ಲ.