ಯರಮರಸ್ ವಿಮಾನ ನಿಲ್ದಾಣದಲ್ಲಿ ದೇವಯ್ಯನವರಿಗೊಂದು ಗೋಡೆ ಕೊಡಿ

ರಾಯಚೂರು ಜಿಲ್ಲಾ ಉಸ್ತುವಾರಿ ಸಚಿವರಿಗೆ,

ಮಾನ್ಯರೇ, ಪ್ರತಿ ಸೆಪ್ಟೆಂಬರ್ 17ರಂದು ಕಲ್ಯಾಣ ಕರ್ನಾಟಕ ಉತ್ಸವಕ್ಕೆ ರಾಯಚೂರಿನಲ್ಲಿ ಧ್ವಜ ಹಾರುತ್ತದೆ, ಭಾಷಣಗಳಾಗುತ್ತವೆ. ಅದಕ್ಕೆ ಹತ್ತು ದಿನ ಮೊದಲು ಬರುವ ಸೆಪ್ಟೆಂಬರ್ 7 ಮಾತ್ರ ಇಲ್ಲಿ ಸದ್ದಿಲ್ಲದೆ ಕಳೆದುಹೋಗುತ್ತದೆ. ಆ ದಿನದ ಪರವಾಗಿ ಈ ಪತ್ರ ಬರೆಯುತ್ತಿದ್ದೇನೆ.

ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸಿದವನು ನಾನು. 1965ರ ಭಾರತ-ಪಾಕಿಸ್ತಾನ ಯುದ್ಧದ ಪಾಠಕ್ಕೆ ಬಂದಾಗಲೆಲ್ಲ, ಅದರಲ್ಲಿ ಮಡಿದ ವಾಯುಪಡೆಯ ಪೈಲಟ್ ಅಜ್ಜಮಾಡ ದೇವಯ್ಯನವರ ಹೆಸರು ಗೊತ್ತೇ ಎಂದು ಕೇಳುತ್ತಿದ್ದೆ. ಒಂದು ಕೈಯೂ ಮೇಲೇಳುತ್ತಿರಲಿಲ್ಲ. ತಪ್ಪು ಮಕ್ಕಳದಲ್ಲ, ನಾವು ಹೇಳಿಕೊಟ್ಟಿರಲಿಲ್ಲ.

ಕೊಡಗಿನ ದೇವಯ್ಯನವರೂ ಮೇಷ್ಟರೇ. ಎಳೆಯ ಪೈಲಟ್‌ಗಳಿಗೆ ಹಾರಾಟ ಕಲಿಸುತ್ತಿದ್ದವರು, ಯುದ್ಧ ಬಂದಾಗ ವಾಯುಪಡೆಯ ಒಂದನೇ ಸ್ಕ್ವಾಡ್ರನ್ ಸೇರಿದರು. ಸೆಪ್ಟೆಂಬರ್ 7ರ ನಸುಕಿನಲ್ಲಿ ಪಂಜಾಬಿನ ಆದಂಪುರ ನೆಲೆಯಿಂದ ಹನ್ನೆರಡು ಮಿಸ್ಟೇರ್ ಯುದ್ಧವಿಮಾನಗಳು ಪಾಕಿಸ್ತಾನದ ಸರ್ಗೋಧಾ ನೆಲೆಯತ್ತ ಹೊರಟವು. ದೇವಯ್ಯ ಆ ಹನ್ನೆರಡರಲ್ಲಿ ಇರಲಿಲ್ಲ, ಮೀಸಲು ಪೈಲಟ್ ಆಗಿದ್ದರು. ತಂಡದಲ್ಲಿ ಒಂದು ಜಾಗ ತೆರವಾದಾಗ ತಾವೇ ಸೇರಿಕೊಂಡರು. ಸರ್ಗೋಧಾ ಆ ವಿಮಾನಗಳ ಹಾರಾಟದ ಮಿತಿಯ ಅಂಚಿನಲ್ಲಿತ್ತು. ದಾರಿಯಲ್ಲಿ ಕಾದಾಟಕ್ಕೆ ನಿಂತರೆ ಮನೆಗೆ ಮರಳುವಷ್ಟು ಇಂಧನ ಉಳಿಯುವುದು ಕಷ್ಟ. ಅಂಥ ಹೊತ್ತಿನಲ್ಲಿ ಪಾಕಿಸ್ತಾನದ ಸ್ಟಾರ್‌ಫೈಟರ್ ಒಂದು ಅವರ ಮೇಲೆರಗಿತು. ಅದು ಶಬ್ದದ ಎರಡು ಪಟ್ಟು ವೇಗದಲ್ಲಿ ಹಾರಬಲ್ಲ, ಆ ಕಾಲದ ಅತ್ಯಾಧುನಿಕ ಯಂತ್ರ. ಮಿಸ್ಟೇರ್ ಅದರ ಮುಂದೆ ಎತ್ತಿನ ಬಂಡಿಯಂತೆ. ಗುಂಡೇಟು ತಿಂದ ವಿಮಾನದಲ್ಲೇ ದೇವಯ್ಯ ತಿರುಗಿ ನಿಂತು ಸ್ಟಾರ್‌ಫೈಟರನ್ನು ಹೊಡೆದುರುಳಿಸಿದರು. ಎದುರಾಳಿ ಪೈಲಟ್ ಪ್ಯಾರಾಚೂಟಿನಲ್ಲಿ ಇಳಿದು ಬದುಕಿಕೊಂಡ. ದೇವಯ್ಯ ಮರಳಲಿಲ್ಲ. ಅವರಿಗೆ ಮೂವತ್ತೆರಡು ವರ್ಷ. ಮನೆಯಲ್ಲಿ ಪತ್ನಿ, ಇಬ್ಬರು ಪುಟ್ಟ ಹೆಣ್ಣುಮಕ್ಕಳು.

ನನ್ನನ್ನು ಇಂದಿಗೂ ಕಾಡುವುದು ಆಮೇಲಿನ ಕಥೆ. ಆ ಕಾಳಗವನ್ನು ಜೊತೆಗಾರರಲ್ಲಿ ಯಾರೂ ಕಂಡಿರಲಿಲ್ಲ. ದಾಖಲೆಯಲ್ಲಿ ಉಳಿದದ್ದು ‘ಕಾಣೆಯಾದವರು’ ಎಂಬ ಒಂದೇ ಪದ. ಹದಿನಾಲ್ಕು ವರ್ಷಗಳ ನಂತರ, 1979ರಲ್ಲಿ, ಪಾಕಿಸ್ತಾನಿ ವಾಯುಪಡೆಯ ಕಡೆಯಿಂದ ಯುದ್ಧದ ಇತಿಹಾಸ ಬರೆದ ಬ್ರಿಟಿಷ್ ಲೇಖಕರೊಬ್ಬರ ಪುಸ್ತಕದಿಂದ, ಸ್ಟಾರ್‌ಫೈಟರನ್ನು ಉರುಳಿಸಿದ್ದು ಒಂದು ಮಿಸ್ಟೇರ್ ಎಂಬುದು ಹೊರಬಿತ್ತು. ನಮ್ಮವನ ಶೌರ್ಯಕ್ಕೆ ಸಾಕ್ಷಿ ಬಂದದ್ದು ಎದುರಾಳಿಯ ಮನೆಯಿಂದ! ಮಹಾವೀರ ಚಕ್ರ ಘೋಷಣೆಯಾದದ್ದು 1988ರಲ್ಲಿ. ಇಪ್ಪತ್ತಮೂರು ವರ್ಷ ಎಂದರೆ ತೊಟ್ಟಿಲ ಮಗು ಬೆಳೆದು ಮದುವೆಯಾಗುವಷ್ಟು ಕಾಲ, ಸ್ವಾಮಿ.

ಮಡಿಕೇರಿ ತನ್ನ ಕರ್ತವ್ಯ ಮಾಡಿದೆ. ಅಲ್ಲಿ ಅವರ ಹೆಸರಿನ ವೃತ್ತವಿದೆ, ಪ್ರತಿಮೆಯಿದೆ. ಕೊಡಗಿನವರಿಗೆ ರಾಯಚೂರಿನಲ್ಲೇನು ಕೆಲಸ ಎಂದು ಯಾರಾದರೂ ಕೇಳಬಹುದು. ಅವರು ಸತ್ತದ್ದು ಕೊಡಗಿಗಾಗಿ ಮಾತ್ರವಲ್ಲ ಎಂಬುದಷ್ಟೇ ನನ್ನ ಉತ್ತರ.

ಯರಮರಸ್‌ನಲ್ಲಿ ನಮ್ಮ ವಿಮಾನ ನಿಲ್ದಾಣ ಎದ್ದೇಳಬೇಕಿದೆ. ಅದಕ್ಕೆ ಯಾರ ಹೆಸರಿಡಬೇಕೆಂಬ ಜಗಳಕ್ಕೆ ನಾನು ಬರುವುದಿಲ್ಲ. ಪ್ರಯಾಣಿಕರು ಕಾಯುವ ಜಾಗದಲ್ಲಿ ಒಂದು ಗೋಡೆ ಕೊಡಿ, ಸಾಕು. ಅದರ ಮೇಲೆ ಈ ಕಥೆ ಕನ್ನಡದಲ್ಲಿ ಇಡಿಯಾಗಿ ಇರಲಿ. ‘ಅಮರ ವೀರ’ ಎಂದು ಬರೆದು ಹೂವಿನ ಹಾರ ಹಾಕಿ ಮುಗಿಸಬೇಡಿ. ಆ ಇಪ್ಪತ್ತಮೂರು ವರ್ಷಗಳ ಮರೆವನ್ನೂ ಮುಚ್ಚಿಡದೆ ಬರೆಯಿಸಿ. ನಮ್ಮ ಕೋಟೆಯ ಗೋಡೆಯನ್ನೇ ನೋಡಿ. 1294ರಲ್ಲಿ ಕೋಟೆ ಕಟ್ಟಿದವರು ನಲವತ್ತೊಂದು ಅಡಿಗೂ ಉದ್ದದ ಕಲ್ಲಿನಲ್ಲಿ ಶಾಸನ ಕೆತ್ತಿಸಿದರು. ಅಷ್ಟಕ್ಕೇ ಬಿಡದೆ, ಅಂಥ ಕಲ್ಲನ್ನು ಬಂಡಿಯ ಮೇಲೆ ಕೋಣಗಳ ಸಾಲು ಎಳೆದು ತಂದ ಚಿತ್ರವನ್ನೂ ಅಲ್ಲೇ ಬಿಡಿಸಿದರು. ಪಟ್ಟ ಪಾಡನ್ನೂ ಕಲ್ಲಿಗೆ ಹೇಳಿದ ಊರು ನಮ್ಮದು.

ಮುಂದಿನ ಸೆಪ್ಟೆಂಬರ್ 7ರಂದು ಜಿಲ್ಲೆಯ ಶಾಲೆಗಳ ಪ್ರಾರ್ಥನೆಯ ಹೊತ್ತಿನಲ್ಲಿ ಹತ್ತು ನಿಮಿಷ ಈ ಕಥೆ ಹೇಳಿಸಲು ಒಂದು ಸುತ್ತೋಲೆ ಹೊರಡಿಸಿ. ಮೊದಲ ಶಾಲೆಗೆ ಹೋಗಿ ಹೇಳಲು ನಾನೇ ಸಿದ್ಧನಿದ್ದೇನೆ. ಯಾವ ಶಾಲೆ ಎಂದು ತಿಳಿಸಿ.

ತಮ್ಮ ವಿಶ್ವಾಸಿ,
ನಿವೃತ್ತ ಶಿಕ್ಷಕ, ರಾಯಚೂರು